ಹತ್ತು ಕೊರಳಿನ ಒಂದು ಹಾಡು

ದೀಪಾವಳಿಯ ಬಲಿಪಾಡ್ಯಮಿಯ ರಾತ್ರಿ. ಸೊರಬ, ಸಾಗರ, ಶಿಕಾರಿಪುರ ಸೀಮೆಯ ಹಳ್ಳಿಗಳಲ್ಲಿ ಊಟ ಮುಗಿಸಿ ಮಲಗಿದವರನ್ನು ಅಂದು ಎಬ್ಬಿಸುವುದು ಹಾಡು. ಊರ ಗಂಡಸರ ತಂಡವೊಂದು ಹೊತ್ತಿಸಿದ ದೀಪವನ್ನು ಗಾಳಿಗೆ ಆರದಂತೆ ಕಾಯ್ದುಕೊಂಡು ಮನೆಯಿಂದ ಮನೆಗೆ, ಊರಿಂದ ಊರಿಗೆ ನಡೆಯುತ್ತದೆ. ಬಾಗಿಲ ಮುಂದೆ ನಿಂತು ಹಾಡುತ್ತದೆ. ಮನೆಯವರು ಬಾಗಿಲು ತೆರೆದು ದೀಪಕ್ಕೆ ಎಣ್ಣೆ ಎರೆಯುತ್ತಾರೆ, ಅದರಿಂದಲೇ ತಮ್ಮ ಮನೆಯ ದೀಪ ಹೊತ್ತಿಸಿಕೊಳ್ಳುತ್ತಾರೆ, ಅಕ್ಕಿಯೋ ಕಾಸೋ ಹಬ್ಬದ ತಿಂಡಿಯೋ ಕೊಟ್ಟು ಕಳಿಸುತ್ತಾರೆ. ಮಲೆನಾಡಿನ ಅಂಟಿಗೆ-ಪಂಟಿಗೆ ಎಂದರೆ ಇದೇ. ಒಬ್ಬಿಬ್ಬರು ಸೊಲ್ಲು ಎತ್ತುತ್ತಾರೆ, ಉಳಿದವರು ಅದನ್ನು ಹಿಡಿದು ತಿರುಗಿ ಹೇಳುತ್ತಾರೆ. ಈ ಹಾಡನ್ನು ಕಟ್ಟಿದವರು ಯಾರು ಎಂದು ಕೇಳಿದರೆ ಹಾಡುವವರೇ ನಕ್ಕುಬಿಟ್ಟಾರು. ಅದು ಎಲ್ಲರದು, ಹೀಗಾಗಿ ಯಾರೊಬ್ಬರದೂ ಅಲ್ಲ.

ಇದೇ ನೆಲದಲ್ಲಿ, ಶಿಕಾರಿಪುರ ಅಥವಾ ಸೊರಬದಂಥ ತಾಲ್ಲೂಕು ಊರಿನ ಚಿಕ್ಕ ಚರ್ಚೊಂದರ ಹಾಡುಗಾರರ ಗುಂಪು ತನ್ನದೇ ಆದ ಒಂದು ಹಾಡು ಕಟ್ಟಿಕೊಳ್ಳಬೇಕೆಂದು ಒಂದು ಸಂಜೆ ಸೇರುತ್ತದೆ ಎಂದಿಟ್ಟುಕೊಳ್ಳೋಣ. ಅವರಲ್ಲಿ ಕವಿಗಳಿಲ್ಲ, ಸಂಗೀತ ವಿದ್ವಾಂಸರಿಲ್ಲ. ಒಬ್ಬರಿಗೆ ಹಾರ್ಮೋನಿಯಂ ಸ್ವಲ್ಪ ಬರುತ್ತದೆ, ಇಬ್ಬರು ಹುಡುಗರಿಗೆ ಕೀಬೋರ್ಡು ಮತ್ತು ಢೋಲಕ್. ಮನೆಮಾತು ಒಬ್ಬರಿಗೆ ಕನ್ನಡ, ಮತ್ತೊಬ್ಬರಿಗೆ ಘಟ್ಟದ ಕೆಳಗಿನಿಂದ ಬಂದ ಕೊಂಕಣಿ, ಇನ್ನೊಬ್ಬರಿಗೆ ತಮಿಳು. ಎಲ್ಲರೂ ಸೇರಿ ಹಾಡುವುದು ಮಾತ್ರ ಕನ್ನಡದಲ್ಲಿ. ಇಂಥವರು ಸೇರಿ ಒಂದು ಹಾಡು ಬರೆಯಬಲ್ಲರೇ? ಬರೆಯಬೇಕಾದರೂ ಏಕೆ? ಅಚ್ಚಾದ ಪುಸ್ತಕದಲ್ಲಿ ನೂರಾರು ಹಾಡುಗಳಿವೆಯಲ್ಲ?

ಪ್ರಶ್ನೆ ಸಣ್ಣದಾಗಿ ಕಂಡರೂ ಅದರ ಹಿಂದೆ ದೊಡ್ಡದೊಂದು ಸಂಗತಿಯಿದೆ. ಒಬ್ಬ ಮನುಷ್ಯ ದೇವರೊಡನೆ ಮಾತಾಡುವಾಗ ಯಾರ ಮಾತಿನಲ್ಲಿ ಆಡುತ್ತಾನೆ ಎಂಬುದು ಆ ಸಂಗತಿ. ತನ್ನ ನಾಲಗೆಗೆ ಒಗ್ಗದ ಮಾತಿನಲ್ಲಿ, ಉಸಿರಿಗೆ ಹೊಂದದ ಧಾಟಿಯಲ್ಲಿ ಹಾಡಬೇಕಾದವರು ಬರಬರುತ್ತಾ ತುಟಿ ಮಾತ್ರ ಆಡಿಸುತ್ತಾರೆ. ಮೊದಲು ಸುಮ್ಮನಾಗುವವರು ವಯಸ್ಸಾದವರು, ಆಮೇಲೆ ಓದು ಬಾರದವರು. ಕೊನೆಗೆ ಮುಂದಿನ ಸಾಲಿನ ನಾಲ್ಕು ಜನ ಹಾಡುತ್ತಾರೆ, ಹಿಂದಿನವರು ಕೇಳುತ್ತಾರೆ.

ದೀಪ ತಂದ ಮೇಲೆ

ಒಟ್ಟಾಗಿ ಹಾಡುವುದು, ತಾವೇ ಕಟ್ಟಿದ್ದನ್ನು ಹಾಡುವುದು ಕ್ರೈಸ್ತರಿಗೆ ಹೊಸದೇನಲ್ಲ. ಕ್ರಿ.ಶ. 112ರ ಸುಮಾರಿನಲ್ಲಿ, ಇಂದಿನ ಟರ್ಕಿ ದೇಶಕ್ಕೆ ಸೇರಿದ ಬಿಥಿನಿಯ ಪ್ರಾಂತದ ರೋಮನ್ ಅಧಿಕಾರಿ ಪ್ಲಿನಿ, ಚಕ್ರವರ್ತಿ ಟ್ರೇಜನ್‌ನಿಗೆ ಒಂದು ಪತ್ರ ಬರೆದ. ಈ ಕ್ರೈಸ್ತರೆಂಬವರು ಗೊತ್ತಾದ ದಿನ ಬೆಳಗಾಗುವ ಮುಂಚೆ ಸೇರಿ, ಕ್ರಿಸ್ತನನ್ನು ದೇವರೆಂದು ಭಾವಿಸಿ ಒಬ್ಬರಾದ ಮೇಲೊಬ್ಬರು ಸರದಿಯಲ್ಲಿ ಹಾಡುತ್ತಾರೆ ಎಂದು ಅದರಲ್ಲಿ ವರದಿ ಮಾಡಿದ. ನಮ್ಮ ಜನಪದ ಮೇಳಗಳ ಮುಮ್ಮೇಳ-ಹಿಮ್ಮೇಳವನ್ನು ನೆನಪಿಸುವ ಮಾತಿದು.

ಇನ್ನೂ ಕುತೂಹಲಕಾರಿಯಾದುದು ಸುಮಾರು 197ರಲ್ಲಿ ಬರೆದ ಟೆರ್ಟುಲಿಯನ್‌ನ ಮಾತು. ಆತ ಉತ್ತರ ಆಫ್ರಿಕದ ಕಾರ್ಥೇಜಿನವನು. ಇಂದಿನ ಟ್ಯುನೀಸಿಯ ದೇಶದ ಊರು ಅದು. ಕ್ರೈಸ್ತರು ಕೂಡಿ ಉಣ್ಣುವ ಸಂಜೆಯನ್ನು ವಿವರಿಸುತ್ತ ಆತ ಹೇಳುವುದರ ತಾತ್ಪರ್ಯ ಇಷ್ಟು: ಊಟವಾಗಿ ಕೈ ತೊಳೆದು, ದೀಪಗಳನ್ನು ತಂದಿಟ್ಟ ಮೇಲೆ ಒಬ್ಬೊಬ್ಬರನ್ನೂ ನಡುವೆ ಬಂದು ಹಾಡಲು ಕರೆಯುತ್ತಾರೆ. ಧರ್ಮಗ್ರಂಥದಿಂದ ಹಾಡಬಹುದು, ಇಲ್ಲವೇ ತನಗೆ ತೋಚಿದ್ದನ್ನು ಕಟ್ಟಿ ಹಾಡಬಹುದು. ಹಾಡು ಕಟ್ಟುವ ಸಂಜೆಗೆ ಇದಕ್ಕಿಂತ ಹಳೆಯ ಆಧಾರ ಬೇಕಿಲ್ಲ. ಕಾರ್ಥೇಜಿಗೂ ಸೊರಬಕ್ಕೂ ಯಾವ ಸಂಬಂಧವೂ ಇಲ್ಲ. ಆದರೂ ಎರಡು ಕಡೆಯೂ ದೀಪ ಬಂದ ಮೇಲೆ ಕೊರಳು ತೆರೆಯಿತು.

ಹದಿನಾರನೆಯ ಶತಮಾನದ ಹೊತ್ತಿಗೆ ಯೂರೋಪಿನ ಚರ್ಚುಗಳಲ್ಲಿ ಹಾಡುಗಾರಿಕೆ ಬಹುಮಟ್ಟಿಗೆ ಲ್ಯಾಟಿನ್ ಬಲ್ಲ ಗಾಯಕರ ಕೈಯಲ್ಲಿತ್ತು. ಅದನ್ನು ಜನರ ಬಾಯಿಗೆ ತರಬೇಕೆಂದು ಹೊರಟ ಮಾರ್ಟಿನ್ ಲೂಥರ್ 1523ರ ಕೊನೆಯಲ್ಲಿ ಗೆಳೆಯ ಸ್ಪಲಾಟಿನ್‌ಗೆ ಕಾಗದ ಬರೆದು, ಕೀರ್ತನೆಗಳನ್ನು ಜನರ ಜರ್ಮನ್ ಭಾಷೆಯಲ್ಲಿ ಹಾಡಾಗಿಸಲು ಸಹಾಯ ಬೇಡಿದ. ಆಸ್ಥಾನದ ಹೊಸ ಶೋಕಿಯ ಪದಗಳು ಬೇಡ, ಸಾಮಾನ್ಯರು ಹಾಡಬಲ್ಲ ಸರಳ ಮಾತು ಸಾಕು, ಅರ್ಥ ಮಾತ್ರ ಕೆಡಬಾರದು ಎಂಬುದು ಅವನ ಷರತ್ತು. ಮರುವರ್ಷ ಹೊರಬಂದ ಮೊದಲ ಪುಸ್ತಕದಲ್ಲಿದ್ದದ್ದು ಎಂಟೇ ಹಾಡು. ಅವುಗಳಲ್ಲಿ ನಾಲ್ಕು ಮಾತ್ರ ಲೂಥರನವು. ಒಂದು ದೊಡ್ಡ ಪರಂಪರೆ ಹಲವರ ಕೈ ಸೇರಿ, ಎಂಟು ಹಾಡುಗಳಿಂದ ಶುರುವಾಯಿತು ಎಂಬುದನ್ನು ಗಮನಿಸಬೇಕು.

ಎರವಲು ಧಾಟಿಯ ತೊಡಕು

ಬಾಸೆಲ್ ಮಿಷನ್ನಿನವರು 1834ರಲ್ಲಿ ಮಂಗಳೂರಿಗೆ ಬಂದರು. ಕನ್ನಡದ ಮೊದಲ ಪತ್ರಿಕೆ 'ಮಂಗಳೂರ ಸಮಾಚಾರ'ವನ್ನು 1843ರಲ್ಲಿ ಹೊರತಂದ ಹರ್ಮನ್ ಮೊಗ್ಲಿಂಗ್ ಈ ಮಿಷನ್ನಿನವರೇ. ಅವರು ತಮ್ಮ ಊರಿನ ಸ್ತುತಿಗೀತೆಗಳನ್ನು ಅವುಗಳ ಧಾಟಿಗಳೊಂದಿಗೇ ಕನ್ನಡಕ್ಕೆ ತಂದರು. ಪ್ರಯತ್ನ ಪ್ರಾಮಾಣಿಕವಾದದ್ದು, ಆ ಹಾಡುಗಳನ್ನು ತಲೆಮಾರುಗಳ ಜನ ಪ್ರೀತಿಯಿಂದ ಹಾಡಿದ್ದಾರೆ, ಇಂದಿಗೂ ಹಾಡುತ್ತಾರೆ. ಆದರೆ ಅನ್ಯಭಾಷೆಯ ಧಾಟಿಗೆ ಕನ್ನಡ ಮಾತನ್ನು ತುಂಬುವುದರಲ್ಲಿ ಒಂದು ಸಹಜವಾದ ತೊಡಕಿದೆ. ಅದನ್ನು ಸ್ವಲ್ಪ ಬಿಡಿಸಿ ನೋಡಬೇಕು.

ಇಂಗ್ಲಿಷ್, ಜರ್ಮನ್ ಸ್ತುತಿಗೀತೆಗಳು ಅನೇಕ ವೇಳೆ ಹಗುರವಾದ ಒಂದು ಸ್ವರದಿಂದ ಹೊರಟು ಎರಡನೆಯದರ ಮೇಲೆ ಭಾರ ಹಾಕುತ್ತವೆ. ಆ ಭಾಷೆಗಳ ಪದಪುಂಜಗಳ ನಡಿಗೆಯೇ ಹಾಗೆ. ಕನ್ನಡ ಪದವಾದರೋ ಮೊದಲ ಅಕ್ಷರದ ಮೇಲೆ ಗಟ್ಟಿಯಾಗಿ ಕಾಲೂರಿ ಹೊರಡುತ್ತದೆ. 'ದೇವರು' ಎಂಬ ಮಾತನ್ನೇ ತೆಗೆದುಕೊಳ್ಳಿ. ಅದರಲ್ಲಿ 'ದೇ' ದೀರ್ಘ, 'ವ' ಮತ್ತು 'ರು' ಹ್ರಸ್ವ. ಇದನ್ನು ಅಂಥ ಧಾಟಿಗೆ ಕೂಡಿಸಿದರೆ 'ದೇ' ಹಗುರ ಸ್ವರದ ಮೇಲೆ ಬಿದ್ದು ಮೊಟಕಾಗುತ್ತದೆ, 'ವ' ಎಳೆದುಕೊಳ್ಳುತ್ತದೆ. ಬಾಯಿಂದ ಬರುವುದು 'ದೆವಾರು'. ಇನ್ನು ಹ್ರಸ್ವ ದೀರ್ಘ ಬದಲಾದರೆ ನಮ್ಮಲ್ಲಿ ಅರ್ಥವೇ ಬದಲಾಗುತ್ತದೆ. 'ಕುರಿ'ಯನ್ನು ಎಳೆದು ಹಾಡಿದರೆ ಅದು 'ಕೂರಿ' ಆಗುತ್ತದೆ. ಒಳ್ಳೆಯ ಕುರುಬನ ಮಂದೆಯನ್ನು ಕುರಿತ ಹಾಡಿನಲ್ಲಿ ಇದಾದರೆ, ನಿಂತು ಹಾಡುತ್ತಿರುವ ಸಭೆಗೆ ಕೂರಲು ಹೇಳಿದಂತೆ ಕೇಳಿಸುತ್ತದೆ!

ಇದನ್ನು ಚೆನ್ನಾಗಿ ಮನಗಂಡಿದ್ದವರು ಬಾಸೆಲ್ ಮಿಷನ್ನಿನವರೇ ಆದ ಫರ್ಡಿನಾಂಡ್ ಕಿಟ್ಟೆಲ್. 1853ರಲ್ಲಿ ಕನ್ನಡನಾಡಿಗೆ ಬಂದ ಅವರು 1894ರ ತಮ್ಮ ಕನ್ನಡ-ಇಂಗ್ಲಿಷ್ ನಿಘಂಟಿನಿಂದ ಹೆಸರಾದವರು. ಅದಕ್ಕೂ ಬಹಳ ಮುಂಚೆ, 1862ರಲ್ಲಿ ಅವರು 'ಕಥಾಮಾಲೆ' ಎಂಬ ಕಾವ್ಯ ಬರೆದು ಯೇಸುವಿನ ಕಥೆಯನ್ನು ನಮ್ಮ ಛಂದಸ್ಸುಗಳಲ್ಲೇ ಹೇಳಿದರು. 1875ರಲ್ಲಿ ನಾಗವರ್ಮನ ಛಂದೋಗ್ರಂಥವನ್ನು ಸಂಪಾದಿಸಿ ಪ್ರಕಟಿಸಿದರು. ಈ ಭಾಷೆಯಲ್ಲಿ ಹಾಡಬೇಕಾದರೆ ಈ ಭಾಷೆಯ ಅಳತೆ ಗೊತ್ತಿರಬೇಕು ಎಂಬುದನ್ನು ಅವರ ಕೆಲಸವೇ ಹೇಳುತ್ತದೆ. ನೆರೆಯ ತಂಜಾವೂರಿನಲ್ಲಿ ವೇದನಾಯಗಂ ಶಾಸ್ತ್ರಿಗಳು (1774–1864) ತಮಿಳಿನಲ್ಲೂ, ಮಹಾರಾಷ್ಟ್ರದಲ್ಲಿ ನಾರಾಯಣ ವಾಮನ ಟಿಳಕರು (1861–1919) ಮರಾಠಿಯ ಅಭಂಗಗಳಲ್ಲೂ ಇದೇ ದಾರಿ ಹಿಡಿದರು. ಕ್ಯಾಥೊಲಿಕರಲ್ಲಿ ಬಲಿಪೂಜೆಯ ಭಾಷೆ ಲ್ಯಾಟಿನ್ ಆಗಿದ್ದ ಕಾಲ ಎರಡನೆಯ ವ್ಯಾಟಿಕನ್ ಮಹಾಸಭೆಯ 1963ರ ನಿರ್ಣಯದೊಂದಿಗೆ ಮುಗಿಯುತ್ತ ಬಂತು. ಆ ನಿರ್ಣಯ ಜನಭಾಷೆಗೆ ಬಾಗಿಲು ತೆರೆದುದಲ್ಲದೆ, ಆಯಾ ನಾಡಿನ ಜನರ ಸಂಗೀತ ಸಂಪ್ರದಾಯಕ್ಕೆ ಆರಾಧನೆಯಲ್ಲಿ ತಕ್ಕ ಸ್ಥಾನ ಕೊಡಬೇಕೆಂದೂ ಹೇಳಿತು.

ಎರವಲು ತಂದದ್ದು ನಮ್ಮದಾಗಲು ಸಾಧ್ಯವೇ ಇಲ್ಲವೆಂದಲ್ಲ. ಜಾನ್ ಹೆನ್ರಿ ನ್ಯೂಮನ್ ಎಂಬ ಇಂಗ್ಲಿಷ್ ಪಾದ್ರಿ 1833ರಲ್ಲಿ ಹಡಗಿನ ಪ್ರಯಾಣದಲ್ಲಿ ಬರೆದ ಪ್ರಾರ್ಥನೆಯೊಂದನ್ನು ಬಿ.ಎಂ. ಶ್ರೀಕಂಠಯ್ಯನವರು ಕನ್ನಡಿಸಿದರು. 1926ರ 'ಇಂಗ್ಲಿಷ್ ಗೀತಗಳು' ಸಂಕಲನದಲ್ಲಿರುವ ಅದು ನಮಗೆಲ್ಲ ಗೊತ್ತಿರುವ 'ಕರುಣಾಳು ಬಾ ಬೆಳಕೆ'. ಶಾಲೆಯ ಪ್ರಾರ್ಥನೆಯಲ್ಲಿ ಅದನ್ನು ಹಾಡಿದ ಎಷ್ಟೋ ಮಕ್ಕಳಿಗೆ ಅದು ಚರ್ಚಿನ ಹಾಡೆಂದೂ, ಅನುವಾದವೆಂದೂ ಗೊತ್ತಿರಲಿಲ್ಲ. ಇದರ ಗುಟ್ಟೇನು? ಮೂಲದ ಸಾಲುಗಳು ಹತ್ತು, ನಾಲ್ಕು ಎಂಬ ಉಚ್ಚಾರಣೆಯ ಎಣಿಕೆಯಲ್ಲಿ ನಡೆಯುತ್ತವೆ. ಶ್ರೀಯವರು ಆ ಎಣಿಕೆಯನ್ನು ಬಿಟ್ಟು ಕನ್ನಡದ ಐದು ಮಾತ್ರೆಯ ಗಣವನ್ನು ಹಿಡಿದರು. ಹ್ರಸ್ವಾಕ್ಷರಕ್ಕೆ ಒಂದು, ದೀರ್ಘಕ್ಕೆ ಎರಡು ಎಂದು ಬೆರಳೆಣಿಸಿ ನೋಡಿ: 'ಕರುಣಾಳು' ಎಂದರೆ ಐದು, 'ಬಾ ಬೆಳಕೆ' ಎಂದರೆ ಮತ್ತೆ ಐದು. ಅವರು ಭಾವವನ್ನು ತಂದರು, ನಡಿಗೆಯನ್ನು ಇಲ್ಲಿಯದೇ ಕೊಟ್ಟರು.

ಮದ್ದಳೆಯ ಊರು, ಅಂಕಿತದ ಪಾಠ

ಹಾಡು ಕಟ್ಟಲು ಕೂರುವವರಿಗೆ ಶಿಕಾರಿಪುರ ತಾಲ್ಲೂಕೇ ಒಂದು ಪಾಠಶಾಲೆ. ಬಳ್ಳಿಗಾವಿ ಇಲ್ಲಿಯದು. ಅಲ್ಲಿಯ ಕೋಡಿಯ ಮಠವನ್ನು ವರ್ಣಿಸುವ 1162ರ ಶಾಸನ, ವ್ಯಾಕರಣ ಮೊದಲಾದ ಶಾಸ್ತ್ರಗಳ ಪಾಠದ ಜೊತೆಗೆ ಅನಾಥರಿಗೆ, ಕುರುಡರಿಗೆ, ಕುಂಟರಿಗೆ, ಹಾಗೆಯೇ ಕಥೆ ಹೇಳುವವರಿಗೆ, ಹಾಡುವವರಿಗೆ, ವಾದ್ಯ ನುಡಿಸುವವರಿಗೆ, ಕುಣಿಯುವವರಿಗೆ ಅಲ್ಲಿ ಅನ್ನ ದೊರೆಯುತ್ತಿತ್ತು ಎನ್ನುತ್ತದೆ. ಹಾಡುವವನನ್ನು ಉಪವಾಸ ಕೆಡವಬಾರದೆಂದು ಕಲ್ಲಿನ ಮೇಲೆ ಬರೆದಿಟ್ಟ ಊರು ಅದು. ಅಲ್ಲಮಪ್ರಭು ಈ ಊರಿನವನು. ಹರಿಹರನ 'ಪ್ರಭುದೇವರ ರಗಳೆ'ಯ ಪ್ರಕಾರ ಮೊದಲಿಗೆ ಆತ ಮದ್ದಳೆ ನುಡಿಸುತ್ತಿದ್ದವನು. ಅಕ್ಕಮಹಾದೇವಿಯ ಉಡುತಡಿಯೂ ಇದೇ ತಾಲ್ಲೂಕಿನಲ್ಲಿ ಶಿರಾಳಕೊಪ್ಪದ ಹತ್ತಿರದಲ್ಲಿದೆ.

ಇವರಿಬ್ಬರ ವಚನಗಳಿಂದ ಕೂಡಿ ಬರೆಯುವವರು ಕಲಿಯಬೇಕಾದ ಒಂದು ಮಾತಿದೆ. ಅದು ಅಂಕಿತದ ಮಾತು. ಅಲ್ಲಮನದು ಗುಹೇಶ್ವರ, ಅಕ್ಕನದು ಚೆನ್ನಮಲ್ಲಿಕಾರ್ಜುನ. ಅಂಕಿತ ಎಂದರೆ ಕವಿಯ ಸಹಿ ಎಂದು ತಿಳಿಯುವುದು ವಾಡಿಕೆ. ಆದರೆ ಅದು ಬರೆದವರ ಹೆಸರಲ್ಲ, ಯಾರಿಗೆ ಹೇಳುತ್ತಿದ್ದೇನೋ ಅವನ ಹೆಸರು. ಹದಿನೈದನೆಯ ಶತಮಾನದಲ್ಲಿ ಶಿವಗಣಪ್ರಸಾದಿ ಮಹಾದೇವಯ್ಯ ಮೊದಲಿಗೆ 'ಶೂನ್ಯಸಂಪಾದನೆ'ಯನ್ನು ಸಂಕಲಿಸಿ, ಬೇರೆ ಬೇರೆ ಶರಣರ ವಚನಗಳನ್ನು ಪೋಣಿಸಿ ಒಂದು ಸಂವಾದವಾಗಿಸಿದ. ಅವನ ಅನಂತರ ಇನ್ನೂ ಮೂವರು ಅದನ್ನು ತಮ್ಮ ತಮ್ಮ ರೀತಿಯಲ್ಲಿ ಪರಿಷ್ಕರಿಸಿದರು. ಹಲವರ ಮಾತು ಒಂದೇ ಕೃತಿಯಾಗಲು ಅಲ್ಲಿ ಯಾರ ದನಿಯನ್ನೂ ಅಳಿಸಬೇಕಾಗಲಿಲ್ಲ. ಒಂದು ಕಡೆ ವಚನದ ಅಂಕಿತ, ಇನ್ನೊಂದು ಕಡೆ ಅಂಕಿತವೇ ಇಲ್ಲದ ಅಂಟಿಗೆ-ಪಂಟಿಗೆಯ ಹಾಡು. ಗುಂಪಾಗಿ ಕಟ್ಟುವ ಹಾಡಿನ ಜಾಗ ಇವೆರಡರ ನಡುವೆ. ಅದಕ್ಕೆ ಕಟ್ಟಿದವನೊಬ್ಬನ ಹೆಸರು ಬೇಡ. ಆದರೆ ಯಾರಿಗೆ ಹೇಳುತ್ತಿದ್ದೇವೆ ಎಂಬುದು ಸ್ಪಷ್ಟವಿರಬೇಕು.

ಸಂಜೆಯ ಏರ್ಪಾಡು

ಇನ್ನು ಕೆಲಸದ ಮಾತಿಗೆ ಬರೋಣ. ಮೊದಲನೆಯದಾಗಿ ದಿನ. ಕಾರ್ತಿಕದಿಂದ ಪುಷ್ಯದವರೆಗೆ ಮಲೆನಾಡಿನ ಮನೆಗಳಲ್ಲಿ ಅಡಿಕೆ ಕೊಯ್ಲು, ಸುಲಿಯುವುದು, ಭತ್ತದ ಒಕ್ಕಲು; ಆಗ ಯಾರನ್ನೂ ಕರೆಯಬಾರದು. ಈಸ್ಟರ್ ಹಬ್ಬಕ್ಕೆ ಮುಂಚಿನ ತಪಸ್ಸುಕಾಲದ ಸಂಜೆಗಳು ಅನುಕೂಲ. ಹೊಲದ ಕೆಲಸ ಕಡಿಮೆ, ಹಬ್ಬಕ್ಕೆ ಹೊಸ ಹಾಡಿನ ಅಗತ್ಯವೂ ಇರುತ್ತದೆ. ಹಳ್ಳಿಯಿಂದ ಬರುವವರಿಗೆ ಕಡೇ ಬಸ್ಸು ಸಿಗುವ ಹಾಗೆ ಎರಡೂವರೆ ಗಂಟೆಯೊಳಗೆ ಮುಗಿಯಬೇಕು. ಎಂಟರಿಂದ ಹದಿನೈದು ಜನ ಸಾಕು. ಅದಕ್ಕಿಂತ ಹೆಚ್ಚಾದರೆ ಸಭೆಯಾಗುತ್ತದೆ, ಹಾಡಾಗುವುದಿಲ್ಲ. ಹಾಡುವ ಗುಂಪಿನವರು ಮಾತ್ರವಲ್ಲದೆ ಒಬ್ಬಿಬ್ಬರು ಹಿರಿಯ ಹೆಂಗಸರನ್ನೂ, ಓದು ಬಾರದವರನ್ನೂ ಕರೆಯುವುದು ಅತಿ ಮುಖ್ಯ. ಬೀಸುವಾಗ, ನಾಟಿ ಮಾಡುವಾಗ, ಮದುವೆ ಮನೆಯಲ್ಲಿ ಹಾಡಿದವರ ಕಿವಿ ಪುಸ್ತಕ ಓದಿದವರ ಕಿವಿಗಿಂತ ಚುರುಕು.

ಮೂವರಿಗೆ ಮೂರು ಕೆಲಸ ಹಂಚಬೇಕು. ಒಬ್ಬರು ಸಂಜೆಯನ್ನು ನಡೆಸುವವರು. ಇವರು ತಮ್ಮ ಸಾಲನ್ನು ಮುಂದೆ ಮಾಡಬಾರದು. ಒಬ್ಬರು ಬರೆದುಕೊಳ್ಳುವವರು, ಹೊಡೆದುಹಾಕಿದ ಸಾಲನ್ನೂ ಇವರು ಉಳಿಸಿಕೊಳ್ಳಬೇಕು. ಮೂರನೆಯವರು ಶ್ರುತಿ-ತಾಳ ಹಿಡಿಯುವವರು. ಹಾಡಿನ ವಸ್ತು ಯಾವುದು, ಬೈಬಲಿನ ಯಾವ ಭಾಗವನ್ನು ಆಧರಿಸಿದ್ದು ಎಂಬುದನ್ನು ಒಂದು ವಾರ ಮುಂಚೆಯೇ ಹೇಳಿರಬೇಕು. ಖಾಲಿ ಕೈಯಲ್ಲಿ ಬಂದು 'ಏನಾದರೂ ಬರೆಯೋಣ' ಎಂದು ಕೂತರೆ, ಎಲ್ಲರ ನೆನಪಿನಲ್ಲಿರುವ ಹಳೆಯ ಹಾಡುಗಳ ಚೂರುಗಳೇ ಮತ್ತೆ ಹೊರಬರುತ್ತವೆ.

ಸಂಜೆಯ ಮೊದಲರ್ಧ ಗಂಟೆ ಬರೆಯುವುದು ಬೇಡ, ರಾಗವೂ ಬೇಡ. ಗೊತ್ತುಮಾಡಿದ ಭಾಗವನ್ನು ನಿಧಾನವಾಗಿ ಎರಡು ಸಲ ಓದಿ, ಅದು ನಿಮ್ಮ ಮನೆಯ, ನಿಮ್ಮ ದಿನದ ಯಾವ ಸಂಗತಿಯನ್ನು ನೆನಪಿಗೆ ತಂದಿತು ಎಂದು ಒಬ್ಬೊಬ್ಬರನ್ನೂ ಕೇಳುವುದು. ಮೊದಲ ಸರದಿ ಮಾತು ಕಡಿಮೆಯವರಿಗೆ, ಕೊನೆಯ ಸರದಿ ಪಾದ್ರಿಗಳಿಗೆ ಅಥವಾ ಸಭಾಪಾಲಕರಿಗೆ. ಇದು ಮರ್ಯಾದೆಗೆ ಕುಂದಲ್ಲ. ಅವರು ಮೊದಲು ಮಾತಾಡಿದರೆ ಉಳಿದವರ ಮಾತು ಅದನ್ನೇ ಹಿಂಬಾಲಿಸುತ್ತದೆ, ಅಷ್ಟೆ. ಬೋಧನೆಗೆ ವಿರುದ್ಧವಾದದ್ದು ನುಸುಳಿದ್ದರೆ ತಿದ್ದುವ ಹೊಣೆ ಕೊನೆಯಲ್ಲಿ ಅವರಿಗೆ ಇದ್ದೇ ಇದೆ.

ಒಂದು ಪಲ್ಲವಿ ಹುಟ್ಟುವ ಬಗೆ

ಉದಾಹರಣೆಗೆ, ಮಳೆಗಾಗಿ ಬೇಡುವ ಹಾಡೊಂದನ್ನು ಕಟ್ಟಬೇಕು. ಅರೆಮಲೆನಾಡಾದ ಶಿಕಾರಿಪುರದಲ್ಲಿ ಮುಂಗಾರು ತಡವಾದರೆ ಬಿತ್ತಿದ ಬೀಜ ಮಣ್ಣಿನಲ್ಲೇ ಕೆಡುತ್ತದೆ. ಆದ್ದರಿಂದ ಇದು ಬರಿಯ ರೂಪಕವಲ್ಲ. ಅಭ್ಯಾಸಬಲದಿಂದ ಕಾಗದದ ಮೇಲೆ ಮೊದಲು ಬೀಳುವ ಸಾಲು ಹೀಗಿರಬಹುದು: 'ಓ ಪರಮೋನ್ನತನಾದ ಕರ್ತನೇ, ನಿನ್ನ ಮಹಾಕೃಪಾವರ್ಷವನ್ನು ನಮ್ಮ ಮೇಲೆ ಸುರಿಸು.' ತಪ್ಪೇನಿಲ್ಲ, ಆದರೆ ಇದು ಹಾಡಲ್ಲ, ಅರ್ಜಿ. ಉಸಿರು ನಿಲ್ಲಿಸಲು ಜಾಗವಿಲ್ಲ. ಮಳೆಯ ಹನಿಯೂ ಇಲ್ಲ.

ಇದನ್ನು ಬದಿಗಿಟ್ಟು, ಮೊದಲರ್ಧ ಗಂಟೆಯಲ್ಲಿ ಬಂದ ಪದಗಳನ್ನು ನೋಡೋಣ. ಕೆರೆ, ಕೋಡಿ, ಗದ್ದೆ, ತೆನೆ, ಬರಿದು. ಈಗ ತಾಳ ಹಿಡಿದವರು ಐದೈದು ಮಾತ್ರೆಗೆ ಒಂದು ಚಪ್ಪಾಳೆಯಂತೆ ತಟ್ಟುತ್ತಿರಲಿ. ಅದರ ಮೇಲೆ ಪದಗಳನ್ನು ಆಡುತ್ತಾ ಹೋದರೆ ಇಂಥದೊಂದು ಬರಬಹುದು:

ಕೆರೆ ತುಂಬಿ ಬರಲಯ್ಯ, ಕೋಡಿ ಹರಿಯಲಿ ತಂದೆ,
ಬರಿದಾದ ಗದ್ದೆಯಲಿ ತೆನೆ ತೂಗಲೋ ತಂದೆ.

ಕವಿತೆಯ ದೃಷ್ಟಿಯಿಂದ ಇದು ದೊಡ್ಡದೇನಲ್ಲ. ಆದರೆ ಇದರಲ್ಲಿ ಮೂರು ಗುಣಗಳಿವೆ. ಒಂದು, ಅಳತೆ. ಒಂದೊಂದು ಸಾಲಿನಲ್ಲೂ ಐದು ಮಾತ್ರೆಯ ನಾಲ್ಕು ಗಣಗಳು ಎಲ್ಲೂ ಎಳೆಯದೆ ಕೂತಿವೆ. ಎರಡು, ಪ್ರಾಸ. ಇಂಗ್ಲಿಷ್ ಹಾಡು ಸಾಲಿನ ತುದಿಯಲ್ಲಿ ಪ್ರಾಸ ಹುಡುಕುತ್ತದೆ. ಕನ್ನಡದಲ್ಲಿ ಕ್ರಿಯಾಪದ ಕೊನೆಗೆ ಬರುವುದರಿಂದ ಅಂಥ ಪ್ರಾಸ ತೀರ ಅಗ್ಗ. 'ಬಂದನು, ತಂದನು, ಕೊಂದನು' ಎಂದು ಎಷ್ಟು ಬೇಕಾದರೂ ಸಿಗುತ್ತದೆ. ನಮ್ಮ ಹಳೆಯ ಕ್ರಮ ಎರಡನೆಯ ಅಕ್ಷರದ ಪ್ರಾಸ. ಇಲ್ಲಿ 'ಕೆರೆ'ಗೆ 'ಬರಿ' ಸೇರಿದಂತೆ. ಇದೇನೂ ಕಡ್ಡಾಯವಲ್ಲ. ಮಂಜೇಶ್ವರದ ಗೋವಿಂದ ಪೈಗಳು 1911ರಲ್ಲೇ ಆ ಕಟ್ಟನ್ನು ಕಳಚಿದರು. ಮುಂದೆ ಕ್ರಿಸ್ತನ ಕೊನೆಯ ದಿನವನ್ನು ಕುರಿತು 'ಗೊಲ್ಗೊಥಾ' ಎಂಬ ಖಂಡಕಾವ್ಯ ಬರೆದವರೂ ಅವರೇ. ಆದರೂ ಪುಸ್ತಕ ಹಿಡಿಯದೆ ಹಾಡುವವರಿಗೆ ಎರಡನೆಯ ಅಕ್ಷರ ಮುಂದಿನ ಸಾಲನ್ನು ನೆನಪಿಸಿಕೊಡುತ್ತದೆ. ಅದರ ಉಪಯೋಗ ಅಷ್ಟು.

ಮೂರನೆಯದು ಕರೆಯುವ ಬಗೆ. 'ಕರ್ತ' ಎನ್ನುವುದು ಪ್ರೊಟೆಸ್ಟೆಂಟ್ ಬೈಬಲಿನ ಮಾತು. 'ಪ್ರಭು', 'ಸರ್ವೇಶ್ವರ' ಎಂಬವು ಕ್ಯಾಥೊಲಿಕ್ ಬಳಕೆಯವು. 'ಅಯ್ಯ', 'ತಂದೆ' ಎಂಬವು ಇಬ್ಬರ ಮನೆಯಲ್ಲೂ ಇವೆ, ವಚನ ಮತ್ತು ದಾಸರ ಪದಗಳ ಮೂಲಕ ಊರಿನ ಎಲ್ಲರ ಕಿವಿಯಲ್ಲೂ ಇವೆ. ಯಾವ ಮಾತು ಬೇಕೆಂಬುದನ್ನು ಗುಂಪು ಚರ್ಚಿಸಿಯೇ ತೀರ್ಮಾನಿಸಬೇಕು. ಅನೇಕ ವೇಳೆ ಆ ಸಂಜೆಯ ಅತ್ಯಂತ ಗಂಭೀರವಾದ ಚರ್ಚೆ ಇದೇ ಆಗಿರುತ್ತದೆ. ದೇವರನ್ನು ಹೇಗೆ ಕರೆಯುತ್ತೇವೆ ಎನ್ನುವುದರಲ್ಲಿ ನಾವು ಅವನನ್ನು ಏನೆಂದು ತಿಳಿದಿದ್ದೇವೆ ಎನ್ನುವುದೂ ಇದೆ.

ಪಲ್ಲವಿ ಒಪ್ಪಿಗೆಯಾಗುವವರೆಗೆ ಚರಣಕ್ಕೆ ಕೈ ಹಾಕಬಾರದು. ಪಲ್ಲವಿಯನ್ನು ಎಲ್ಲರೂ ಕೂಡಿಯೇ ಮಾಡಬೇಕು, ಏಕೆಂದರೆ ಎಲ್ಲರೂ ಹಾಡುವುದು ಅದನ್ನೇ. ಅನಂತರ ಮೂರು ಮೂರು ಜನರ ಗುಂಪಾಗಿ ಒಂದೊಂದು ಚರಣಕ್ಕೆ ಇಪ್ಪತ್ತು ನಿಮಿಷ ಕೂರಬಹುದು. ಮೂರು ಚರಣ ಸಾಕು. ಪ್ರತಿ ಚರಣಕ್ಕೂ ಒಂದೇ ವಿಷಯವಿರಲಿ. ಮಳೆಯ ಹಾಡಿನಲ್ಲಾದರೆ ಒಣಗಿದ ನೆಲ, ಕಾಯುವ ಮನೆ, ಬಂದ ಮಳೆ, ಹೀಗೆ.

ಧಾಟಿಯ ವಿಚಾರಕ್ಕೆ ಬಂದರೆ, ಮೇಲೆ ಕೆಳಗೆ ಐದಾರು ಸ್ವರಗಳೊಳಗೆ ಓಡಾಡುವ ಹಾಡನ್ನು ಇಡೀ ಸಭೆ ಹಾಡಬಲ್ಲದು. ತಾರಸ್ಥಾಯಿಗೆ ಹಾರುವ ಹಾಡು ಒಳ್ಳೆಯ ಕಂಠದ ಒಬ್ಬರ ಪಾಲಾಗುತ್ತದೆ. ಮಾತನ್ನು ಜೋರಾಗಿ, ನಿಧಾನವಾಗಿ ಹತ್ತು ಸಲ ಹೇಳಿದರೆ ಅದರ ಏರಿಳಿತ ತಾನಾಗಿ ಎದ್ದು ಬರುತ್ತದೆ. ಹಾರ್ಮೋನಿಯಂ ಅದನ್ನು ಹುಡುಕಿಕೊಳ್ಳಬೇಕು. ಕೀಬೋರ್ಡಿನಲ್ಲಿ ಮೊದಲೇ ತುಂಬಿಸಿಟ್ಟ ತಾಳಕ್ಕೆ ಮಾತು ಜೋಡಿಸಲು ಹೋದರೆ ಹಿಂದಿನ 'ದೆವಾರು' ಕಥೆಯೇ ಆಗುತ್ತದೆ.

ಊರಿನ ಜನಪದ ಧಾಟಿಗಳನ್ನು ಬಳಸಬಹುದೇ ಎಂಬ ಪ್ರಶ್ನೆ ಇಲ್ಲಿ ಬಂದೇ ಬರುತ್ತದೆ. ನಾಟಿಯ ಹಾಡು, ಜೋಗುಳ, ಕೋಲಾಟದ ಪದಗಳ ಧಾಟಿ ದುಡಿಮೆ ಮತ್ತು ಸಂತೋಷದ ಧಾಟಿಗಳು. ಅವುಗಳಿಗೆ ಯಾರ ಆಕ್ಷೇಪವೂ ಇರಲಾರದು. ಆದರೆ ದೀಪದ ಹಾಡಿನಂಥವು ಒಂದು ಆಚರಣೆಗೆ ಅಂಟಿಕೊಂಡವು. ಅವನ್ನು ಎತ್ತಿ ತರುವ ಮುಂಚೆ ಅವನ್ನು ಹಾಡುವವರನ್ನು ಒಂದು ಮಾತು ಕೇಳುವುದು ಸೌಜನ್ಯ. ಅವರು ಬೇಡವೆಂದರೆ ಬಿಡಬೇಕು. ಕೂಡಿ ಬಾಳುವ ಊರಿನಲ್ಲಿ ಒಂದು ರಾಗಕ್ಕಿಂತ ನೆರೆಹೊರೆ ದೊಡ್ಡದು.

ಬಿಟ್ಟುಕೊಡುವುದೇ ಕಷ್ಟ

ಈ ಸಂಜೆಯ ನಿಜವಾದ ಪರೀಕ್ಷೆ ಸಾಲು ಬರೆಯುವುದಲ್ಲ, ಸಾಲು ಹೊಡೆದುಹಾಕುವುದು. ತಾನು ತಂದ ಸಾಲು ಬಿದ್ದುಹೋದಾಗ ಯಾರಿಗಾದರೂ ನೋವಾಗುತ್ತದೆ. ಅದಕ್ಕೆ ಒಂದು ಉಪಾಯವಿದೆ: ಸಾಲಿನ ಮೇಲೆ ಮತ ಹಾಕಬಾರದು, ಹಾಡಬೇಕು. ಕಾಗದ ಬದಿಗಿಟ್ಟು ಎಲ್ಲರೂ ಮೂರು ಸಲ ಹಾಡುವುದು. ಮೂರನೆಯ ಸಲಕ್ಕೂ ನಾಲಗೆ ಎಡವುವ ಕಡೆ ತಪ್ಪಿರುವುದು ಸಾಲಿನದು, ಹಾಡುವವರದಲ್ಲ. ಆಗ ತೀರ್ಪು ಹೇಳುವುದು ನಾಲಗೆ; ಯಾರೂ ಯಾರನ್ನೂ ಸೋಲಿಸಿದಂತಾಗುವುದಿಲ್ಲ. ಸಿದ್ಧವಾದದ್ದನ್ನು ಮೊಬೈಲಿನಲ್ಲಿ ಮುದ್ರಿಸಿಕೊಂಡು ಒಂದು ವಾರ ಅದನ್ನು ಕೇಳದೆ ಇರಬೇಕು. ಮುಂದಿನ ವಾರ ಸೇರಿದಾಗ ಯಾವ ಸಾಲು ಯಾರಿಗೂ ನೆನಪಿಲ್ಲವೋ ಅದನ್ನು ಬದಲಾಯಿಸಬೇಕು. ಜನಪದ ಹಾಡು ನೂರು ವರ್ಷದಲ್ಲಿ ಸವೆದು ನಯವಾಗುವ ಕೆಲಸವನ್ನು ಇಲ್ಲಿ ಒಂದು ವಾರದಲ್ಲಿ ಸ್ವಲ್ಪಮಟ್ಟಿಗೆ ಮಾಡಿಕೊಂಡಂತೆ.

ಹಾಡು ಯಾರದೆಂಬ ಮಾತನ್ನು ಮೊದಲ ಸಂಜೆಯೇ ಆಡಿಕೊಳ್ಳುವುದು ಒಳ್ಳೆಯದು. 1957ರ ಕೃತಿಸ್ವಾಮ್ಯ ಕಾಯ್ದೆಯ ಪ್ರ��ಾರ, ಒಬ್ಬರ ಪಾಲನ್ನು ಇನ್ನೊಬ್ಬರದರಿಂದ ಬೇರೆ ಮಾಡಲಾಗದಂತೆ ಕೂಡಿ ರಚಿಸಿದ್ದು ಜಂಟಿ ಕೃತಿ. ಅದರ ಹಕ್ಕು ರಚಿಸಿದವರಲ್ಲಿ ಕಟ್ಟಕಡೆಗೆ ತೀರಿಕೊಂಡವರ ಅನಂತರ 60 ವರ್ಷ ಉಳಿಯುತ್ತದೆ. ಮಾತು ಒಂದು ಕೃತಿ, ಧಾಟಿ ಇನ್ನೊಂದು. ನಿಜವಾದ ಧಾರ್ಮಿಕ ಆಚರಣೆಯಲ್ಲಿ ಹಾಡುವುದಕ್ಕೆ ಕಾಯ್ದೆಯ ಅಡ್ಡಿಯಿಲ್ಲ. ಆದರೆ ಅಚ್ಚು ಹಾಕಿಸುವುದು, ಧ್ವನಿಮುದ್ರಿಸಿ ಮಾರುವುದು ಬೇರೆ ಮಾತು. ಚರ್ಚಿನ ದಫ್ತರದಲ್ಲಿ ದಿನಾಂಕ ಹಾಕಿ, ಅಂದು ಕೂತಿದ್ದ ಎಲ್ಲರ ಹೆಸರು ಬರೆದು, ಹಾಡನ್ನು ಸಭೆಗೆ ಬಿಟ್ಟುಕೊಟ್ಟಿದ್ದೇವೆ ಎಂದು ಒಂದು ಸಾಲು ಸೇರಿಸಿ ಸಹಿ ಮಾಡಿದರೆ ಮುಂದಿನ ಮನಸ್ತಾಪ ತಪ್ಪುತ್ತದೆ. ಎರಡೇ ಪದ ಕೊಟ್ಟ ಅಜ್ಜಿಯ ಹೆಸರೂ ಅದರಲ್ಲಿರಬೇಕು.

ಹೀಗೆ ಕಟ್ಟಿದ ಹಾಡುಗಳೆಲ್ಲ ಉಳಿಯುತ್ತವೆಯೇ? ಉಳಿಯುವುದಿಲ್ಲ. ಹತ್ತರಲ್ಲಿ ಒಂದು ಉಳಿದರೆ ಭಾಗ್ಯ. ಉಳಿದದ್ದನ್ನು ಗುರುತಿಸುವುದು ಮಾತ್ರ ಸುಲಭ. ಭಾನುವಾರ ಹಾಡಿದ್ದು ಸೋಮವಾರ ಗದ್ದೆಯ ಬದುವಿನ ಮೇಲೆ, ಕೊಟ್ಟಿಗೆಯಲ್ಲಿ, ಬಸ್ಸಿಗೆ ಕಾಯುವಲ್ಲಿ ತಾನಾಗಿ ಬಾಯಿಗೆ ಬಂದರೆ ಅದು ಉಳಿಯಿತೆಂದು ಲೆಕ್ಕ. ಹಿಂದಿನ ಬೆಂಚಿನಲ್ಲಿ ಇಷ್ಟು ವರ್ಷ ಸುಮ್ಮನೆ ಕೂತಿದ್ದವರು ಪಲ್ಲವಿ ಬಂದಾಗ ತಲೆಯೆತ್ತಿ ದನಿಗೂಡಿಸಿದರೆ, ಹಾಡು ಉಳಿಯದಿದ್ದರೂ ಆ ಸಂಜೆ ಸಾರ್ಥಕವಾಯಿತು. ಅಂಟಿಗೆ-ಪಂಟಿಗೆಯ ದೀಪಕ್ಕೆ ಪ್ರತಿ ಮನೆಯವರೂ ಎರೆಯುವುದು ಒಂದು ಮಿಳ್ಳೆ ಎಣ್ಣೆ ಮಾತ್ರ. ಅದು ಬೆಳಗಿನವರೆಗೆ ಉರಿಯುವುದು ಎಲ್ಲರೂ ಎರೆದದ್ದರಿಂದ.